ಕಪ್ಪು ಹಂದಿಗೆ ಪಟ್ಟೆ ಮರಿ ಹುಟ್ಟಿದೆ, ಅಪ್ಪ ಕಾಡುಹಂದಿನಾ?

ಪ್ರಶ್ನೆ: ಸರ್, ನಾವು ಸಾಕಿರೋ ಕಪ್ಪು ಹೆಣ್ಣುಹಂದಿ ಎಂಟು ಮರಿ ಹಾಕಿದೆ. ಐದು ಪೂರ್ತಿ ಕಪ್ಪು, ಮೂರು ಮಾತ್ರ ಕಂದು ಬಣ್ಣ, ಮೈಮೇಲೆ ಉದ್ದುದ್ದ ಪಟ್ಟೆ. ಹಗಲು ಹೊತ್ತು ಹಂದಿನ ಹೊರಗೆ ಬಿಡ್ತೀವಿ, ಕಾಡು ಪಕ್ಕದಲ್ಲೇ ಇದೆ. ಅಪ್ಪ ಕಾಡುಹಂದಿ ಇರಬಹುದಾ? ಆದ್ರೆ ಎರಡೂ ಬೇರೆ ಬೇರೆ ಜಾತಿ ಅಲ್ವಾ, ಹಾಗಾದ್ರೆ ಈ ಮರಿಗಳು ಹೇಸರಗತ್ತೆ ತರ ಬಂಜೆ ಆಗ್ತಾವಾ? ಇನ್ನೊಂದು, ಸಾಕುಹಂದಿನ ಕಾಡಿಗೆ ಬಿಟ್ರೆ ಆರು ತಿಂಗಳಲ್ಲಿ ಕೂದಲು ಬೆಳೆದು ಕೋರೆ ಬಂದು ಕಾಡುಹಂದಿನೇ ಆಗ್ಬಿಡುತ್ತೆ ಅಂತಾರೆ, ನಿಜಾನಾ? ನಿಜ ಆದ್ರೆ ಈ ಮೂರು ಮರಿನ ಸ್ವಲ್ಪ ದೊಡ್ಡದಾದ್ಮೇಲೆ ಕಾಡಿಗೇ ಬಿಟ್ಟುಬಿಡೋಣ ಅಂತಿದೀವಿ.

ಉತ್ತರ: ಮೊದಲು ಚಿಕ್ಕದಾಗಿ ಹೇಳಿಬಿಡ್ತೀನಿ, ಆಮೇಲೆ ಒಂದೊಂದಾಗಿ ಬಿಡಿಸ್ತೀನಿ. ಅಪ್ಪ ಕಾಡುಹಂದಿ ಇರಬಹುದು, ಆದ್ರೆ ಬರೀ ಪಟ್ಟೆ ನೋಡಿ ಹೌದು ಅಂತ ಹೇಳಕ್ಕಾಗಲ್ಲ. ಎರಡೂ ಬೇರೆ ಪ್ರಾಣಿ ಅಲ್ಲ. ಮರಿಗಳು ಬಂಜೆ ಆಗಲ್ಲ. ಆರು ತಿಂಗಳಲ್ಲಿ ಕಾಡುಹಂದಿ ಆಗುತ್ತೆ ಅನ್ನೋ ಮಾತಲ್ಲಿ ಸ್ವಲ್ಪ ನಿಜ ಇದೆ, ಬಹಳಷ್ಟು ತಪ್ಪಿದೆ. ಕಾಡಿಗೆ ಬಿಡೋ ಯೋಚನೆ ಮಾತ್ರ ಇವತ್ತೇ ಬಿಟ್ಟುಬಿಡಿ, ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ.

ನಮ್ಮ ಭಾಷೆಯಲ್ಲಿ ಜಾತಿ ಅನ್ನೋ ಒಂದೇ ಪದನ ನಾವು ತಳಿಗೂ ಬಳಸ್ತೀವಿ, ಪ್ರಭೇದಕ್ಕೂ, ಅಂದ್ರೆ ತಮ್ಮೊಳಗೇ ಕೂಡಿ ಮರಿ ಮಾಡೋ ಒಂದೇ ಬಗೆಯ ಪ್ರಾಣಿಗಳಿಗೂ ಬಳಸ್ತೀವಿ, ಅದಕ್ಕೇ ಈ ಗೊಂದಲ ಆಗೋದು. ಎರಡು ನಾಯಿ ತಳಿ ನೋಡೋಕೆ ಎಷ್ಟೇ ಬೇರೆ ಇದ್ರೂ ಎರಡೂ ನಾಯಿನೇ ಅಲ್ವಾ, ಇಲ್ಲೂ ಹಾಗೇ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕಾಡುಹಂದಿಗೆ ಸುಸ್ ಸ್ಕ್ರೋಫಾ ಅಂತ ಹೆಸರಿಟ್ಟ, ಸಾಕುಹಂದಿನ ಇವತ್ತಿಗೂ ಹೆಚ್ಚಿನವರು ಅದೇ ಪ್ರಭೇದದೊಳಗಿನ ಒಂದು ಉಪಪ್ರಭೇದ ಅಂತಲೇ ಎಣಿಸ್ತಾರೆ, ಕೆಲವರು ಅನುಕೂಲಕ್ಕೆ ಸುಸ್ ಡೊಮೆಸ್ಟಿಕಸ್ ಅಂತ ಬೇರೆ ಹೆಸರಲ್ಲಿ ಕರೀತಾರೆ ಅಷ್ಟೇ. ಹೆಸರು ಏನೇ ಇರಲಿ, ಎರಡೂ ಸೇರಿದ್ರೆ ಮರಿ ಆಗುತ್ತೆ, ಆ ಮರಿಗೂ ಮರಿ ಆಗುತ್ತೆ. ಹೆಸರಲ್ಲಿ ಹಂದಿ ಇದ್ದ ಮಾತ್ರಕ್ಕೆ ಎಲ್ಲಾ ನೆಂಟರೂ ಅಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ, ಮುಳ್ಳುಹಂದಿಗೂ ಹಂದಿಗೂ ಯಾವ ಸಂಬಂಧವೂ ಇಲ್ಲ, ಅದು ಇಲಿ ಅಳಿಲುಗಳ ಕಡೆಯ ಪ್ರಾಣಿ.

ನಿಜವಾದ ಹಂದಿ ಕುಟುಂಬದಲ್ಲೂ ಸಾಕುಹಂದಿಯ ಜೊತೆ ಮರಿ ಆಗದಿರೋವು ಇವೆ. ಆಫ್ರಿಕಾದ ವಾರ್ಟ್‌ಹಾಗ್, ಅದೇ ಮುಖದ ಮೇಲೆ ಗಂಟುಗಂಟು ಇರೋ ಹಂದಿ, ಅದು ದೂರದ ನೆಂಟ. ಅಮೆರಿಕ ಖಂಡದ ಪೆಕರಿ ನೋಡೋಕೆ ಹಂದಿ ತರನೇ ಇದ್ರೂ ಕುಟುಂಬವೇ ಬೇರೆ. ಅಸ್ಸಾಮಿನ ಹುಲ್ಲುಗಾವಲಲ್ಲಿ ಪಿಗ್ಮಿ ಹಂದಿ ಅಂತ ಒಂದಿದೆ, ಎತ್ತರ ಬರೀ 25 ಸೆಂಟಿಮೀಟರ್ ಆಸುಪಾಸು, ಅದನ್ನ ಬಹಳ ಕಾಲ ಕಾಡುಹಂದಿಯ ಗುಂಪಿಗೇ ಸೇರಿಸಿದ್ರು, 2007ರಲ್ಲಿ ಡಿಎನ್‌ಎ ನೋಡಿದ ಮೇಲೆ ಅದು ಬೇರೆಯದೇ ಕುಲ, ಅಂದ್ರೆ ಪ್ರಭೇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಗುಂಪು, ಅಂತ ಗೊತ್ತಾಯ್ತು. ನಿಮ್ಮ ಮನೆ ಪಕ್ಕದ ಕಾಡಲ್ಲಿರೋದು ಇವ್ಯಾವೂ ಅಲ್ಲ ಅಂದ್ಕೊಂಡೇ ಬರೀತೀನಿ, ಸಾಮಾನ್ಯ ಕಾಡುಹಂದಿನೇ ಆಗಿದ್ರೆ ಅದು ನಿಮ್ಮ ಕಪ್ಪು ಹಂದಿಯ ಸ್ವಂತ ಬಳಗ.

ಈಗ ಹೇಸರಗತ್ತೆ ವಿಷಯ. ಕ್ರೋಮೋಸೋಮ್ ಅಂದ್ರೆ ಜೀವಕೋಶದೊಳಗೆ ವಂಶದ ಗುಣದ ಜೀನ್‌ಗಳನ್ನ ಹೊತ್ತಿರೋ ಎಳೆ. ಕುದುರೆಗೆ 64 ಕ್ರೋಮೋಸೋಮ್, ಕತ್ತೆಗೆ 62, ಅವುಗಳ ಮರಿಗೆ 63 ಬರುತ್ತೆ, ಜೋಡಿ ಸರಿಯಾಗಿ ಕೂರಲ್ಲ, ಬಂಜೆ ಆಗುತ್ತೆ. ಹಂದಿಯಲ್ಲೂ ಮೇಲ್ನೋಟಕ್ಕೆ ಅದೇ ಕಥೆ ತರ ಕಾಣುತ್ತೆ: ಸಾಕುಹಂದಿಗೆ 38 ಕ್ರೋಮೋಸೋಮ್, ಪಶ್ಚಿಮ ಯುರೋಪಿನ ಬಹಳಷ್ಟು ಕಾಡುಹಂದಿಗಳಿಗೆ 36, ಇಬ್ಬರ ಮರಿಗೆ 37. ಆದ್ರೂ ಆ 37ರ ಮರಿ ಬೆಳೆದು ಆರಾಮಾಗಿ ಮರಿ ಹಾಕುತ್ತೆ. ಯಾಕಂದ್ರೆ ಇಲ್ಲಿ ಏನೂ ಕಳೆದುಹೋಗಿಲ್ಲ, 15ನೇದು ಮತ್ತು 17ನೇದು ಅಂತ ನಾವು ಎಣಿಸೋ ಎರಡು ಕ್ರೋಮೋಸೋಮ್ ತುದಿಗೆ ತುದಿ ಅಂಟಿಕೊಂಡು ಒಂದಾಗಿವೆ ಅಷ್ಟೇ, ಒಳಗಿರೋ ಸರಕು ಎಲ್ಲಾ ಅದೇ, ಎರಡು ಪುಸ್ತಕನ ಒಂದೇ ರಟ್ಟಿನೊಳಗೆ ಹೊಲಿದ ಹಾಗೆ. ಏಷ್ಯಾದ ಕಾಡುಹಂದಿಗಳಲ್ಲಂತೂ ಹೆಚ್ಚಾಗಿ ಸಾಕುಹಂದಿ ತರನೇ 38 ಇರುತ್ತೆ. ಹಾಗಾಗಿ ನಿಮ್ಮ ಮರಿಗಳ ಅಪ್ಪ ಯಾರೇ ಆಗಿರಲಿ, ಬಂಜೆತನದ ಭಯ ಬೇಡ.

ಕಾಡುಹಂದಿ, ಸಾಕುಹಂದಿ ಎರಡೂ ಯಾವಾಗ ದಾರಿ ಬೇರೆ ಮಾಡ್ಕೊಂಡ್ವು ಅಂತ ಕೇಳಿದ್ರೆ, ನಿಜ ಹೇಳ್ಬೇಕು ಅಂದ್ರೆ ಪೂರ್ತಿಯಾಗಿ ಯಾವತ್ತೂ ಮಾಡ್ಕೊಂಡಿಲ್ಲ, ನನಗೆ ಹಂದಿಯ ಚರಿತ್ರೆಯಲ್ಲಿ ತುಂಬಾ ಇಷ್ಟ ಆಗೋ ಭಾಗವೇ ಇದು. ಹಂದಿಗಳ ಈ ಕುಲ ಹುಟ್ಟಿದ್ದು ಆಗ್ನೇಯ ಏಷ್ಯಾದ ಕಡೆ, ಅಲ್ಲಿನ ದ್ವೀಪಗಳಲ್ಲಿ ಇವತ್ತಿಗೂ ಗಡ್ಡದ ಹಂದಿ, ಜಾವಾ ಹಂದಿ ಅಂತ ಬೇರೆ ಬೇರೆ ಪ್ರಭೇದಗಳಿವೆ. ಅಲ್ಲಿಂದ ಕಾಡುಹಂದಿ ಏಷ್ಯಾ ಯುರೋಪ್ ಪೂರ್ತಿ ಹರಡ್ತು, ಉತ್ತರ ಆಫ್ರಿಕಾಕ್ಕೂ ಹೋಯ್ತು. 2012ರಲ್ಲಿ ಹಂದಿಯ ಪೂರ್ತಿ ಜೀನೋಮ್, ಅಂದ್ರೆ ಇಡೀ ಡಿಎನ್‌ಎ ಓದಿದಾಗ ಪೂರ್ವದ ಕಾಡುಹಂದಿಗೂ ಪಶ್ಚಿಮದ ಕಾಡುಹಂದಿಗೂ ಸುಮಾರು 10 ಲಕ್ಷ ವರ್ಷದ ಅಂತರ ಇದೆ ಅಂತ ತಿಳೀತು. ಅಂದ್ರೆ ಮನುಷ್ಯ ಹಂದಿ ಸಾಕೋ ಎಷ್ಟೋ ಮೊದಲೇ ಎರಡು ದೊಡ್ಡ ಕವಲು ಇದ್ವು, ಮನುಷ್ಯ ಎರಡನ್ನೂ ಸಾಕಿದ, ಅದೂ ಬೇರೆ ಬೇರೆ ಕಡೆ, ಒಬ್ಬರಿಗೊಬ್ಬರು ಗೊತ್ತಿಲ್ಲದ ಜನ. ಒಂದು ಈಗಿನ ಟರ್ಕಿಯ ಆಗ್ನೇಯ ಭಾಗದಲ್ಲಿ, ಅಲ್ಲಿ ಚಾಯೊನು ಅನ್ನೋ ಹಳೇ ಊರಿನ ಅಗೆತದಲ್ಲಿ ಸಿಕ್ಕ ಹಂದಿ ಮೂಳೆಗಳಲ್ಲಿ ಬದಲಾವಣೆ ಹೆಜ್ಜೆ ಹೆಜ್ಜೆಯಾಗಿ ಕಾಣುತ್ತೆ. ಇನ್ನೊಂದು ಚೀನಾದಲ್ಲಿ, ಹೆನಾನ್ ಪ್ರಾಂತ್ಯದ ಜಿಯಾಹು ಅನ್ನೋ ಜಾಗದಲ್ಲಿ ಸುಮಾರು 8,600 ವರ್ಷ ಹಿಂದಿನ ಸಾಕುಹಂದಿಯ ಗುರುತು ಸಿಕ್ಕಿದೆ.

ಸಾಕಿದ ಅಂದ ತಕ್ಷಣ ಯಾರೋ ಬಲೆ ಹಾಕಿ ಮರಿ ಹಿಡಿದು ತಂದು ದೊಡ್ಡಿಗೆ ಕೂಡಿದ ಚಿತ್ರ ಕಣ್ಮುಂದೆ ಬರುತ್ತೆ, ಆದ್ರೆ ಬಹುಶಃ ಹಂದಿನೇ ಮೊದಲು ಹತ್ತಿರ ಬಂದಿದ್ದು. ಜನ ಒಂದು ಕಡೆ ನೆಲೆ ನಿಂತ ಮೇಲೆ ಕಸ, ಎಂಜಲು, ಬೆಳೆದ ಕಾಳು ಎಲ್ಲಾ ಒಂದೇ ಕಡೆ ಸಿಗ್ತಿತ್ತು, ಮನುಷ್ಯನಿಗೆ ಕಡಿಮೆ ಹೆದರೋ ಹಂದಿ ಬಂದು ತಿಂತು, ಬದುಕ್ತು, ಮರಿ ಹಾಕ್ತು, ಅವುಗಳ ಮರಿ ಇನ್ನೂ ಸ್ವಲ್ಪ ಕಡಿಮೆ ಹೆದರಿದ್ವು. ಹೀಗೆ ನೂರಾರು ವರ್ಷ ನಡೀತು. ಆಮೇಲೂ ಕೂಡ ಹಂದಿನ ಕಟ್ಟಿ ಹಾಕಿ ಸಾಕಿದ್ದು ಕಡಿಮೆ, ಕಾಡಂಚಿಗೆ ಮೇಯೋಕೆ ಬಿಟ್ಟು ಸಂಜೆ ಕರೆಯೋ ಪದ್ಧತಿ ಸಾವಿರಾರು ವರ್ಷ ಇತ್ತು, ಈಗ ನೀವು ಮಾಡ್ತಿರೋ ಹಾಗೇ.

ಅದರ ಪರಿಣಾಮ ಎಷ್ಟು ದೊಡ್ಡದು ನೋಡಿ. ಸುಮಾರು 8,000 ವರ್ಷದ ಹಿಂದೆ ಪಶ್ಚಿಮ ಏಷ್ಯಾದ ರೈತರು ಯುರೋಪಿಗೆ ವಲಸೆ ಹೋಗುವಾಗ ತಮ್ಮ ಹಂದಿಗಳನ್ನೂ ಹೊಡ್ಕೊಂಡು ಹೋದ್ರು. ಆ ಹಂದಿಗಳು ದಾರಿಯುದ್ದಕ್ಕೂ ಯುರೋಪಿನ ಕಾಡುಹಂದಿಗಳ ಜೊತೆ ಸೇರ್ತಾನೇ ಹೋದ್ವು, ಒಂದು ತಲೆಮಾರಲ್ಲ ಎರಡು ತಲೆಮಾರಲ್ಲ, ಸಾವಿರಾರು ವರ್ಷ. 2019ರಲ್ಲಿ ಹಳೇ ಮೂಳೆಗಳ ಡಿಎನ್‌ಎ ತೆಗೆದು ಇವತ್ತಿನ ಯುರೋಪಿನ ಸಾಕುಹಂದಿಗೆ ಹೋಲಿಸಿ ನೋಡಿದ್ರೆ, ಆ ಮೊದಲ ಪಶ್ಚಿಮ ಏಷ್ಯಾದ ಹಂದಿಯ ಪಾಲು ಹೆಚ್ಚಂದ್ರೆ ನೂರಕ್ಕೆ 4 ಉಳಿದಿದೆ! ಮಿಕ್ಕಿದ್ದೆಲ್ಲಾ ಯುರೋಪಿನ ಕಾಡುಹಂದಿಯ ರಕ್ತ. ಆದ್ರೂ ಅದು ಸಾಕುಹಂದಿಯಾಗೇ ಉಳೀತು ನೋಡಿ, ಕಾಡಿನ ರಕ್ತ ಎಷ್ಟು ಬಂದ್ರೂ ಸಾಕೋರು ಪ್ರತಿ ತಲೆಮಾರಲ್ಲೂ ತಮಗೆ ಬೇಕಾದ ಮರಿ ಇಟ್ಕೊಂಡು ಬೇಡದ್ದನ್ನ ಮೊದಲು ಕಡಿದುಬಿಡ್ತಿದ್ರು, ಸಾಧು ಸ್ವಭಾವದ್ದು, ಬೇಗ ಮೈ ಹಿಡಿಯೋದು, ಹೆಚ್ಚು ಮರಿ ಹಾಕೋದು ಉಳೀತಾ ಬಂತು. ಸಾಕುಹಂದಿ ಅನ್ನೋದು ಒಂದು ಸಲ ಆಗಿ ಮುಗಿದ ಕೆಲಸ ಅಲ್ಲ, ದಿನಾ ಕಾಯ್ಕೊಂಡು ಬಂದ ಕೆಲಸ. ನಿಮ್ಮ ಮನೆಯಲ್ಲಿ ಆ ಮೂರು ಪಟ್ಟೆ ಮರಿ ಹುಟ್ಟಿರೋದು ಇದೇ ಹತ್ತು ಸಾವಿರ ವರ್ಷದ ಕಥೆಯ ಇನ್ನೊಂದು ಸಂಗತಿ ಅಂತಲೇ ನನಗೆ ಅನ್ನಿಸ್ತು ನಿಮ್ಮ ಪ್ರಶ್ನೆ ಓದಿದಾಗ.

ಇನ್ನು 18, 19ನೇ ಶತಮಾನದಲ್ಲಿ ಬ್ರಿಟನ್ನಿನವರು ಚೀನಾದ ಕಡೆಯಿಂದ ಹಂದಿ ತರಿಸಿ ತಮ್ಮ ಹಂದಿಗಳ ಜೊತೆ ಸೇರಿಸಿದ್ರು, ಚೀನಾದ್ದು ಬೇಗ ಕೊಬ್ಬೋದು, ಮರಿ ಹೆಚ್ಚು ಹಾಕೋದು. ಇವತ್ತು ಪ್ರಪಂಚದಾದ್ಯಂತ ಫಾರ್ಮ್‌ಗಳಲ್ಲಿ ಕಾಣೋ ಲಾರ್ಜ್ ವೈಟ್ ತರದ ಬಿಳಿ ಹಂದಿಯ ಮೈಯಲ್ಲಿ ಹಾಗಾಗಿ 10 ಲಕ್ಷ ವರ್ಷ ಬೇರೆಯಾಗಿದ್ದ ಎರಡೂ ಕವಲು ಮತ್ತೆ ಒಟ್ಟಿಗೆ ಸೇರಿವೆ.

ಸರಿ, ಈಗ ಮೈಯಲ್ಲಿ ಏನು ಬದಲಾಯ್ತು, ಏನು ಬದಲಾಗಿಲ್ಲ ಅನ್ನೋದಕ್ಕೆ ಬರೋಣ, ಕಾಡಿಗೆ ಬಿಟ್ರೆ ಏನಾಗುತ್ತೆ ಅನ್ನೋ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕಾಡುಹಂದಿಯ ಬೆನ್ನುಮೂಳೆಯಲ್ಲಿ ಎದೆ ಸೊಂಟ ಸೇರಿಸಿ 19 ಮಣಿ ಇರುತ್ತೆ, ಫಾರ್ಮ್ ತಳಿಗಳಲ್ಲಿ 21ರಿಂದ 23. ಮೈ ಉದ್ದ ಇರೋ ಹಂದಿನೇ ಆರಿಸ್ತಾ ಆರಿಸ್ತಾ ಮೂಳೆನೇ ಜಾಸ್ತಿ ಆಗ್ಬಿಡ್ತು. ಕಾಡುಹಂದಿಗೆ ಮುಂಭಾಗ ಭಾರ, ಭುಜ ಎತ್ತರ, ಹಿಂಭಾಗ ಸಣ್ಣ, ಸಾಕುಹಂದಿಗೆ ಅದು ಉಲ್ಟಾ. ಕಾಡುಹಂದಿಯ ಮುಖ ಉದ್ದ, ಹಣೆಯಿಂದ ಮೂತಿವರೆಗೆ ನೇರ ಗೆರೆ ಎಳೆದ ಹಾಗೆ, ಸಾಕುಹಂದಿಯ ಮುಖ ಗಿಡ್ಡ, ನಡುವೆ ತಗ್ಗು. ಕಿವಿ ಹಲವು ತಳಿಗಳಲ್ಲಿ ಜೋತು ಬಿದ್ದಿದೆ, ಬಾಲ ಸುರುಳಿ ಸುತ್ತಿದೆ, ಕಾಡುಹಂದಿಯ ಬಾಲ ನೇರ ಇರುತ್ತೆ, ತುದಿಯಲ್ಲಿ ಕೂದಲ ಕುಚ್ಚು. ಕಾಡುಹಂದಿ ವರ್ಷದಲ್ಲಿ ನಿರ್ದಿಷ್ಟ ಕಾಲದಲ್ಲಿ ಬೆದೆಗೆ ಬಂದು ನಾಲ್ಕರಿಂದ ಆರು ಮರಿ ಹಾಕಿದ್ರೆ ಫಾರ್ಮ್ ಹಂದಿ ವರ್ಷಪೂರ್ತಿ ಬೆದೆಗೆ ಬರುತ್ತೆ, ಸೂಲಿಗೆ ಹತ್ತು ಹನ್ನೆರಡು ಮರಿ, ಅದಕ್ಕಿಂತ ಹೆಚ್ಚೂ ಉಂಟು. ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಮಿದುಳಿನ ವಿಷಯ, ಒಂದೇ ತೂಕದ ಕಾಡುಹಂದಿ ಸಾಕುಹಂದಿ ತಗೊಂಡ್ರೆ ಸಾಕುಹಂದಿಯ ಮಿದುಳು ಸುಮಾರು ಮೂರನೇ ಒಂದು ಭಾಗ ಚಿಕ್ಕದು. ಹಾಗಂತ ಹಂದಿ ದಡ್ಡ ಅಂತ ತಿಳ್ಕೋಬೇಡಿ, ನಾನು ನೋಡಿದ ಪ್ರಾಣಿಗಳಲ್ಲಿ ಇಷ್ಟು ಬೇಗ ಕಲಿಯೋದು ಕಡಿಮೆ. ಅಪಾಯ ಎಲ್ಲಿಂದ ಬರುತ್ತೆ, ಊಟ ಎಲ್ಲಿ ಸಿಗುತ್ತೆ ಅಂತ ಸದಾ ಎಚ್ಚರ ಇರಬೇಕಾದ ಬದುಕು ಹೋಯ್ತು, ಅಷ್ಟು ದೊಡ್ಡ ಮಿದುಳು ಸಾಕೋ ಒತ್ತಡವೂ ಅದರ ಜೊತೆ ಹೋಯ್ತು, ನಾನಂತೂ ಹಾಗೇ ಅರ್ಥ ಮಾಡ್ಕೊಂಡಿದೀನಿ.

ಬದಲಾಗದೇ ಉಳಿದಿದ್ದು ಇನ್ನೂ ಹೆಚ್ಚು. ಮೂತಿ ತಗೊಳ್ಳಿ. ಮೂತಿಯ ತುದಿಯೊಳಗೆ ಒಂದು ಪುಟ್ಟ ಮೂಳೆ ಇದೆ, ನೆಲ ಉಳೋಕೆ ಅಂತಲೇ ಇರೋದು, ಅದು ಎರಡಕ್ಕೂ ಇದೆ. ವಾಸನೆ ಹಿಡಿಯೋ ಜೀನ್‌ಗಳು ಸಾಕುಹಂದಿಯಲ್ಲೂ ಸುಮಾರು 1,300 ಇವೆ, ಮನುಷ್ಯನಲ್ಲಿ ಕೆಲಸ ಮಾಡೋವು 400ರ ಆಸುಪಾಸು ಅಷ್ಟೇ. ಹಲ್ಲು ಎರಡಕ್ಕೂ 44. ಬೆವರಿ ಮೈ ತಣ್ಣಗೆ ಮಾಡ್ಕೊಳ್ಳೋಕೆ ಎರಡಕ್ಕೂ ಬರಲ್ಲ, ಕೆಸರೇ ಗತಿ.

1970ರ ದಶಕದ ಕೊನೆಯಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಸ್ಟೋಲ್ಬಾ ಮತ್ತು ವುಡ್‌ಗಷ್ ಅನ್ನೋ ಇಬ್ಬರು ಸಂಶೋಧಕರು ಒಂದು ಕೆಲಸ ಶುರು ಮಾಡಿದ್ರು. ಫಾರ್ಮ್‌ನಲ್ಲಿ ಹುಟ್ಟಿ ಬೆಳೆದ ಹಂದಿಗಳನ್ನ ಮರ, ಪೊದೆ, ತೊರೆ, ಕೆಸರು ಎಲ್ಲಾ ಇರೋ ದೊಡ್ಡ ಬೇಲಿ ಹಾಕಿದ ಜಾಗಕ್ಕೆ ಬಿಟ್ಟು ದಿನಗಟ್ಟಲೆ ಕೂತು ನೋಡಿದ್ರು. ಅವು ತಲೆತಲಾಂತರದಿಂದ ಕಾಡನ್ನೇ ಕಂಡಿರಲಿಲ್ಲ, ಆದ್ರೂ ಕಾಡುಹಂದಿಯ ಬದುಕನ್ನೇ ಬದುಕೋಕೆ ಶುರು ಮಾಡಿದ್ವು. ಗುಂಪು ಕಟ್ಕೊಂಡ್ವು, ಮಲಗೋಕೆ ಒಟ್ಟಿಗೆ ಗೂಡು ಮಾಡ್ಕೊಂಡ್ವು, ಮಲಗೋ ಜಾಗದಿಂದ ದೂರ ಹೋಗಿ ಹೇತ್ವು, ಮರಿ ಹಾಕೋ ಹೊತ್ತಿಗೆ ಹೆಣ್ಣು ಗುಂಪು ಬಿಟ್ಟು ದೂರ ಹೋಗಿ ಮರೆಯಲ್ಲಿ ನೆಲ ಕೆದಕಿ ಹುಲ್ಲು ಕಡ್ಡಿ ಒಟ್ಟಿ ಗೂಡು ಕಟ್ಟಿ ಮರಿ ಹಾಕ್ತು, ಕೆಲವು ದಿನ ಆದ್ಮೇಲೆ ಮರಿಗಳನ್ನ ಕರ್ಕೊಂಡು ಗುಂಪಿಗೆ ವಾಪಸ್ ಬಂತು. ಯಾರೂ ಕಲಿಸಿರಲಿಲ್ಲ.

ಇದನ್ನ ಓದಿದಾಗ ನನಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನೋಡಿದ್ದು ನೆನಪಾಗುತ್ತೆ. ಒಂದು ಫಾರ್ಮ್‌ನಲ್ಲಿ ಮೈ ತಿರುಗಿಸೋಕೂ ಜಾಗ ಇಲ್ಲದ ಕಬ್ಬಿಣದ ಚೌಕಟ್ಟಿನಲ್ಲಿ ತುಂಬು ಗಬ್ಬದ ಹಂದಿ ನಿಂತಿತ್ತು. ಕೆಳಗೆ ಬರೀ ಸಿಮೆಂಟು, ಒಂದು ಹುಲ್ಲುಕಡ್ಡಿ ಇಲ್ಲ. ಅದು ಮುಂಗಾಲಲ್ಲಿ ಸಿಮೆಂಟ್ ಕೆರೀತಿತ್ತು, ಮೂತಿಯಿಂದ ಕಂಬಿ ತಳ್ತಿತ್ತು, ಬಾಯಲ್ಲಿ ಇಲ್ಲದ ಹುಲ್ಲನ್ನ ಕಚ್ಚಿ ತಂದು ಹಾಕೋ ಹಾಗೆ ತಲೆ ಆಡಿಸ್ತಿತ್ತು, ರಾತ್ರಿಯೆಲ್ಲಾ. ನನಗೆ ಮೊದಲು ಏನೋ ಕಾಯಿಲೆ ಅನ್ನಿಸ್ತು. ಕಾಯಿಲೆ ಅಲ್ಲ, ಅದು ಗೂಡು ಕಟ್ತಿತ್ತು. ಮರಿ ಹಾಕೋ ಹಿಂದಿನ ದಿನ ಮೈಯೊಳಗೆ ಹಾರ್ಮೋನ್ ಏರಿದಾಗ ಕಾಡುಹಂದಿ ಏನು ಮಾಡುತ್ತೋ ಅದನ್ನೇ ಮಾಡ್ತಿತ್ತು, ಕಟ್ಟೋಕೆ ಏನೂ ಇರಲಿಲ್ಲ ಅಷ್ಟೇ. ಅವತ್ತಿಂದ ಯಾರು ಹಂದಿ ಸಾಕ್ತೀವಿ ಅಂದ್ರೂ ನಾನು ಹೇಳೋ ಮೊದಲ ಮಾತು, ಮರಿ ಹಾಕೋ ಎರಡು ದಿನ ಮೊದಲು ಹುಲ್ಲು ಕೊಡಿ ಅಂತ. ನಿಮ್ಮ ಹಂದಿಗೂ ಮುಂದಿನ ಸೂಲಿಗೆ ಕೊಡಿ.

ಈಗ ಆರು ತಿಂಗಳ ಮಾತು. ಓಡಿಹೋದ ಸಾಕುಹಂದಿ ಬೇರೆ ತರ ಕಾಣುತ್ತೆ ಅನ್ನೋದು ಸುಳ್ಳಲ್ಲ. ತಿರುಗಿ ತಿರುಗಿ ಕೊಬ್ಬು ಕರಗುತ್ತೆ, ಮೈ ಬಿಗಿ ಆಗುತ್ತೆ, ಚಳಿ ಇರೋ ಕಡೆ ಕೂದಲು ದಟ್ಟ ಆಗುತ್ತೆ. ಕೋರೆ ಮಾತ್ರ ಹೊಸದಾಗಿ ಬರಲ್ಲ, ಅದು ಮೊದಲಿಂದಲೂ ಇರೋದೇ. ಗಂಡು ಹಂದಿಯ ಕೋರೆ ಜೀವನಪೂರ್ತಿ ಬೆಳೀತಾನೇ ಇರುತ್ತೆ, ಮೇಲಿನ ಕೋರೆಗೆ ಕೆಳಗಿನದು ಉಜ್ಜಿ ಉಜ್ಜಿ ಚೂಪಾಗುತ್ತೆ. ಫಾರ್ಮ್‌ನಲ್ಲಿ ನಮಗೆ ಕಾಣಲ್ಲ ಯಾಕಂದ್ರೆ ಆರು ತಿಂಗಳಿಗೆ ನೂರು ಕೆಜಿ ತೂಗಿದ ತಕ್ಷಣ ಅದನ್ನ ಕಡೀತಾರೆ, ಕೋರೆ ಎದ್ದು ಕಾಣೋ ವಯಸ್ಸಿಗೆ ಅದು ಬದುಕೇ ಇರಲ್ಲ, ಬೀಜ ಒಡೆದಿದ್ರಂತೂ ಕೋರೆ ಬೆಳೆಯೋದೂ ಕುಂಠಿತ ಆಗುತ್ತೆ. ತಳಿ ಹಂದಿಯಾಗಿ ಮೂರ್ನಾಲ್ಕು ವರ್ಷ ಇಟ್ಕೊಂಡ ಗಂಡನ್ನ ನೋಡಿ, ಕೊಟ್ಟಿಗೆಯಲ್ಲೇ ಇದ್ರೂ ಒಳ್ಳೇ ಕೋರೆ ಬಂದಿರುತ್ತೆ.

ಒಂದೇ ಜೀವಿಯಲ್ಲಿ ಬದುಕಿನ ರೀತಿಯಿಂದ ಮೂಳೆ ಕೂಡ ಸ್ವಲ್ಪ ಬದಲಾಗುತ್ತೆ. ಫ್ರಾನ್ಸಿನಲ್ಲಿ ಇದನ್ನ ಉಲ್ಟಾ ಮಾಡಿ ನೋಡಿದಾರೆ, ಕಾಡುಹಂದಿ ಮರಿಗಳನ್ನ ಹಿಡಿದು ಇಕ್ಕಟ್ಟಾದ ಜಾಗದಲ್ಲಿ ಬೆಳೆಸಿದ್ರೆ ಅವುಗಳ ಹಿಮ್ಮಡಿ ಮೂಳೆಯ ಆಕಾರವೇ ಕಾಡಲ್ಲಿ ಬೆಳೆದವಕ್ಕಿಂತ ಬೇರೆ ಆಗಿತ್ತು, ಜೀನ್ ಏನೂ ಬದಲಾಗದೇ. ಆದ್ರೆ ಇಂಥ ಬದಲಾವಣೆಗೆ ಒಂದು ಮಿತಿ ಇದೆ. ಬೆನ್ನಲ್ಲಿ 22 ಮಣಿ ಇಟ್ಕೊಂಡು ಹುಟ್ಟಿದ ಹಂದಿಗೆ ಕಾಡಿಗೆ ಹೋದ್ರೆ 19 ಆಗಲ್ಲ. ಬಿಳಿ ಹಂದಿ ಎಷ್ಟು ವರ್ಷ ಕಾಡಲ್ಲಿದ್ರೂ ಬಿಳಿನೇ, ಜೋತ ಕಿವಿ ಜೋತೇ ಇರುತ್ತೆ. ಗಲಪಗೋಸ್ ದ್ವೀಪಗಳಲ್ಲಿ ಹಡಗಿನವರು ಬಿಟ್ಟ ಹಂದಿಗಳ ಸಂತತಿ ಎಷ್ಟೋ ತಲೆಮಾರು ಕಾಡಲ್ಲೇ ಬದುಕಿದೆ, ಅವುಗಳ ಮಿದುಳು ಅಳೆದು ನೋಡಿದ್ರೆ ಕಾಡುಹಂದಿಯಷ್ಟು ಮತ್ತೆ ದೊಡ್ಡದಾಗಿರಲಿಲ್ಲ. ಕಾಡು ಸೇರಿದ ಸಾಕುಹಂದಿ ಕಾಡಲ್ಲಿ ಬದುಕೋಕೆ ಕಲ್ತ ಸಾಕುಹಂದಿನೇ.

ತಲೆಮಾರು ಕಳೆದ ಹಾಗೆ ಆಗೋ ಬದಲಾವಣೆ ಬೇರೆ ಲೆಕ್ಕ. ಅಲ್ಲಿ ಕಾಡೇ ಆರಿಸುತ್ತೆ, ಬಿಳಿ ಮರಿ ಬೇಗ ಬೇಟೆಗೆ ಸಿಗುತ್ತೆ, ಕಪ್ಪು ಕಂದು ಉಳಿಯುತ್ತೆ. ಇದರ ಜೊತೆ ನಿಜವಾದ ಕಾಡುಹಂದಿ ಅಲ್ಲಿದ್ರೆ ಅದರ ಜೊತೆ ಸೇರಿ ಇನ್ನೂ ಬೇಗ ಬದಲಾಗುತ್ತೆ. ಅಮೆರಿಕದಲ್ಲಿ ಕಾಡುಹಂದಿ ಇರಲೇ ಇಲ್ಲ, 1493ರಲ್ಲಿ ಕೊಲಂಬಸ್ ತನ್ನ ಎರಡನೇ ಯಾನದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹಂದಿ ತಂದ, 1539ರಲ್ಲಿ ಸ್ಪೇನಿನ ದಂಡಯಾತ್ರಿ ಡಿ ಸೋಟೋ ಫ್ಲೋರಿಡಾಕ್ಕೆ ತಂದ, ತಪ್ಪಿಸಿಕೊಂಡವು ಕಾಡು ಸೇರಿದ್ವು. 1912ರಲ್ಲಿ ನಾರ್ತ್ ಕೆರೊಲಿನಾದ ಬೆಟ್ಟದಲ್ಲಿ ಬೇಟೆಗೆ ಅಂತ ಯುರೋಪಿನ ಕಾಡುಹಂದಿನೂ ತಂದು ಬೇಲಿಯೊಳಗೆ ಬಿಟ್ರು, ಅವು ಬೇಲಿ ದಾಟಿದ್ವು, ಎರಡೂ ಬೆರೆತವು. ಈಗ ಅಲ್ಲಿ ಲಕ್ಷಾಂತರ ಹಂದಿ ಬೆಳೆ ಹಾಳು ಮಾಡ್ತಾ ತಿರುಗ್ತಿವೆ. ಕೆನಡಾದಲ್ಲಿ 1980, 90ರ ದಶಕದಲ್ಲಿ ರೈತರಿಗೆ ಹೊಸ ಆದಾಯ ಆಗಲಿ ಅಂತ ಕಾಡುಹಂದಿ ತರಿಸಿ ಸಾಕಿಸಿದ್ರು, ಸಾಕುಹಂದಿ ಜೊತೆ ಸೇರಿಸಿ ಮೈ ದೊಡ್ಡದು ಮರಿ ಜಾಸ್ತಿ ಮಾಡ್ಕೊಂಡ್ರು, ಮಾರುಕಟ್ಟೆ ಬಿದ್ದುಹೋದಾಗ ಕೆಲವರು ಬಿಟ್ಟೇಬಿಟ್ರು. ಕಾಡಿನ ಎಚ್ಚರ, ಊರಿನ ಸಂತಾನಶಕ್ತಿ ಎರಡೂ ಇರೋ ಹಂದಿ ಅಂದ್ರೆ ಏನು ಅಂತ ಈಗ ಅಲ್ಲಿನವರು ಅನುಭವಿಸ್ತಿದಾರೆ. ಫುಕುಶಿಮಾದಲ್ಲಿ 2011ರ ಅಣುಸ್ಥಾವರ ದುರಂತದಲ್ಲಿ ಜನ ಊರು ಬಿಟ್ಟಾಗ ಫಾರ್ಮ್ ಹಂದಿಗಳು ಹೊರಗೆ ಬಂದು ಅಲ್ಲಿನ ಕಾಡುಹಂದಿ ಜೊತೆ ಸೇರಿದ್ವು. ಅಲ್ಲಿ ಮಾತ್ರ ಬೇರೆ ಆಯ್ತು, ಸಾಕುಹಂದಿಗಳು ಕಾಡಲ್ಲಿ ಹೆಚ್ಚು ಬಾಳಲಿಲ್ಲ, ಬೆರಕೆ ಮರಿಗಳು ಮತ್ತೆ ಮತ್ತೆ ಕಾಡುಹಂದಿ ಜೊತೆಗೇ ಸೇರ್ತಾ ಊರಿನ ಜೀನ್ ತೆಳುವಾಗ್ತಾ ಬಂತು. ಯಾವ ಕಡೆ ಎಷ್ಟು ಹಂದಿ ಇದೆ ಅನ್ನೋದರ ಮೇಲೆ ಎಲ್ಲಾ ನಿಂತಿರುತ್ತೆ.

ಈಗ ನಿಮ್ಮ ಪಟ್ಟೆ ಮರಿಗಳು. ಕಾಡುಹಂದಿ ಮರಿಗೆ ಪಟ್ಟೆ ಇರೋದು ಪೊದೆಯ ನೆರಳು ಬಿಸಿಲಲ್ಲಿ ಕಣ್ಣಿಗೆ ಬೀಳದಿರಲಿ ಅಂತ, ನಾಲ್ಕೈದು ತಿಂಗಳಿಗೆ ಮಾಸಿ ಹೋಗುತ್ತೆ. ಈ ಬಣ್ಣ ನಿರ್ಧರಿಸೋ ಒಂದು ಮುಖ್ಯ ಜೀನ್ ಇದೆ, ಎಂಸಿ1ಆರ್ ಅಂತಾರೆ. ಯುರೋಪಿನಿಂದ ಏಷ್ಯಾದವರೆಗೆ ಕಾಡುಹಂದಿಗಳಲ್ಲಿ ಅದರ ಕೆಲಸ ಒಂದೇ ತರ ಇದೆ, ಯಾಕಂದ್ರೆ ಬಣ್ಣ ಕೆಟ್ಟ ಮರಿನ ಕಾಡು ಉಳಿಸಲ್ಲ. ಸಾಕುಹಂದಿಯಲ್ಲಿ ಮಾತ್ರ ಅದು ಹಲವು ತರ ಬದಲಾಗಿದೆ, ಬೇರೆ ಬಣ್ಣದ ಮರಿ ಇಷ್ಟಪಟ್ಟು ಉಳಿಸ್ಕೊಂಡೋರು ಮನುಷ್ಯರೇ. ಎಲ್ಲಾ ಹಂದಿಯಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಕಪ್ಪು ಮಾಡೋ ರೂಪ ಸಾಮಾನ್ಯವಾಗಿ ಬಲವಾದದ್ದು, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದ್ರೂ ಸಾಕು ಮರಿ ಕಪ್ಪಾಗುತ್ತೆ.

ಹಾಗಾದ್ರೆ ಪಟ್ಟೆ ಮರಿ ಹುಟ್ಟಿದೆ ಅಂದ್ರೆ ಮೊದಲ ವಿಷಯ, ನಿಮ್ಮ ಹೆಣ್ಣುಹಂದಿಯಲ್ಲೇ ಒಂದು ಕಪ್ಪು ಪ್ರತಿ, ಒಂದು ಕಾಡಿನ ಬಣ್ಣದ ಪ್ರತಿ ಅಡಗಿದೆ. ಅದು ಪೂರ್ತಿ ಕಪ್ಪಿನದೇ ಆಗಿದ್ರೆ ಅಪ್ಪ ಎಂಥ ಅಪ್ಪಟ ಕಾಡುಹಂದಿ ಆಗಿದ್ರೂ ಎಂಟೂ ಮರಿ ಕಪ್ಪೇ ಹುಟ್ಬೇಕಿತ್ತು. ಪಟ್ಟೆ ಇಲ್ಲ ಅಂದ ಮಾತ್ರಕ್ಕೆ ಅಪ್ಪ ಕಾಡುಹಂದಿ ಅಲ್ಲ ಅಂತ ಹೇಳಕ್ಕಾಗಲ್ಲ ಅನ್ನೋದು ಅದಕ್ಕೇ. ಎರಡನೇದು, ಅಪ್ಪ ಕಾಡುಹಂದಿ ಆಗಿದ್ರೆ ಪ್ರತಿ ಮರಿಗೂ ಪಟ್ಟೆ ಬರೋ ಸಾಧ್ಯತೆ ಅರ್ಧಕ್ಕರ್ಧ. ಅಪ್ಪ ನಿಮ್ಮ ಹಂದಿ ತರನೇ ಒಳಗೆ ಕಾಡಿನ ಬಣ್ಣ ಅಡಗಿಸ್ಕೊಂಡ ಕಪ್ಪು ಸಾಕುಹಂದಿ ಆಗಿದ್ರೆ ನಾಲ್ಕರಲ್ಲೊಂದು. ನಾನು ಲೆಕ್ಕ ಹಾಕಿ ನೋಡಿದೆ, ಎಂಟರಲ್ಲಿ ಸರಿಯಾಗಿ ಮೂರು ಪಟ್ಟೆ ಬರೋದು ಮೊದಲನೇ ಸಂದರ್ಭದಲ್ಲಿ 100 ಸೂಲಿಗೆ ಸುಮಾರು 22 ಸಲ, ಎರಡನೇ ಸಂದರ್ಭದಲ್ಲಿ ಸುಮಾರು 21 ಸಲ. ಅಂದ್ರೆ ನಿಮಗೆ ಬಂದಿರೋ ಸಂಖ್ಯೆ ಎರಡಕ್ಕೂ ಹೆಚ್ಚುಕಡಿಮೆ ಸಮ, ಯಾವ ಕಡೆಗೂ ಸಾಕ್ಷಿ ಹೇಳಲ್ಲ. ಆರು ಪಟ್ಟೆ ಹುಟ್ಟಿದ್ರೆ ನಾನು ಕಾಡುಹಂದಿ ಕಡೆಗೇ ವಾಲ್ತಿದ್ದೆ. ಇದರ ಮೇಲೆ ಒಂದೇ ಬೆದೆಯಲ್ಲಿ ಹೆಣ್ಣು ಎರಡು ಗಂಡಿನ ಜೊತೆ ಸೇರಿ ಒಂದೇ ಸೂಲಲ್ಲಿ ಇಬ್ಬರ ಮರಿನೂ ಹಾಕೋದುಂಟು. ಹಂಗೇರಿಯ ಮಂಗಲಿತ್ಸಾ ಅನ್ನೋ ಸಾಕು ತಳಿಯಲ್ಲಂತೂ ಮರಿಗಳಿಗೆ ಪಟ್ಟೆ ಇರೋದೇ ಸಹಜ.

ಬೇರೆ ಸುಳಿವು ನೋಡಿ. ಹಂದಿ ಗಬ್ಬ ಹೊರೋದು ಸುಮಾರು 114 ದಿನ, ಮರಿ ಹಾಕಿದ ದಿನದಿಂದ ಅಷ್ಟು ಹಿಂದಕ್ಕೆ ಎಣಿಸಿ, ಆ ವಾರ ಹಂದಿ ಎಲ್ಲಿ ತಿರುಗ್ತಿತ್ತು, ರಾತ್ರಿ ಹೊರಗುಳಿದಿತ್ತಾ, ಸುತ್ತಮುತ್ತ ಯಾವ ಸಾಕಿದ ಗಂಡುಹಂದಿ ಇತ್ತು ನೆನಪು ಮಾಡ್ಕೊಳ್ಳಿ. ಮರಿ ಬೆಳೀತಾ ಎಲ್ಲಾ ಎಂಟನ್ನೂ ಗಮನಿಸಿ, ಪಟ್ಟೆಯವನ್ನ ಮಾತ್ರ ಅಲ್ಲ. ಅಪ್ಪ ಕಾಡಿನದಾದ್ರೆ ಕಪ್ಪು ಮರಿಗಳೂ ಬೆರಕೆನೇ ಅಲ್ವಾ. ಮೂತಿ ಉದ್ದ, ಬಾಲ ನೇರ, ಭುಜ ಎತ್ತರ, ಬೆನ್ನ ಮೇಲೆ ನಿಗುರೋ ಕೂದಲು, ನಿಧಾನ ತೂಕ, ಮನುಷ್ಯ ಹತ್ತಿರ ಬಂದ್ರೆ ಬೆಚ್ಚೋದು, ಇವೆಲ್ಲಾ ಒಟ್ಟಿಗೆ ಕಂಡ್ರೆ ಅನುಮಾನ ಬಲವಾಗುತ್ತೆ. ಖಚಿತ ಬೇಕಂದ್ರೆ ಬುಡ ಸಮೇತ ಕಿತ್ತ ಕೂದಲಿಂದಲೇ ಡಿಎನ್‌ಎ ಟೆಸ್ಟ್ ಮಾಡಬಹುದು, ನಿಮ್ಮ ಪಶುವೈದ್ಯರ ಮೂಲಕ ಕೇಳಿ. ಬೆರಕೆ ಅಂತ ಗಟ್ಟಿ ಆದ್ರೆ ಸಾಕೋಕೆ ಅನುಮತಿ ಬೇಕಾ ಅಂತ ಅರಣ್ಯ ಇಲಾಖೆಯಲ್ಲೂ ಒಂದು ಮಾತು ಕೇಳಿಬಿಡಿ, ಹಲವು ದೇಶಗಳಲ್ಲಿ ಕಾನೂನು ಬಿಗಿ ಇದೆ.

ಕಾಡಿಗೆ ಯಾಕೆ ಬಿಡಬಾರದು ಅಂದ್ರೆ, ಮರಿಗೂ ಅನ್ಯಾಯ, ಕಾಡಿಗೂ ಅನ್ಯಾಯ. ಕಾಡುಹಂದಿ ಮರಿ ಅಮ್ಮ, ಚಿಕ್ಕಮ್ಮ, ಅಕ್ಕಂದಿರ ಹಿಂಡಲ್ಲಿ ತಿಂಗಳುಗಟ್ಟಲೆ ತಿರುಗಿ ಏನು ತಿನ್ನಬೇಕು, ಯಾವುದಕ್ಕೆ ಹೆದರಬೇಕು ಅಂತ ಕಲಿಯುತ್ತೆ. ನಿಮ್ಮ ಮರಿಗೆ ಗೊತ್ತಿರೋದು ಮನುಷ್ಯನ ಹತ್ತಿರ ಹೋದ್ರೆ ಊಟ ಸಿಗುತ್ತೆ ಅಂತ ಮಾತ್ರ, ಅದು ಹೊಟ್ಟೆ ಹಸಿದಾಗ ಯಾರದ್ದೋ ಹೊಲಕ್ಕೇ ಬರುತ್ತೆ. ಬದುಕಿ ಉಳಿದ್ರೆ ಹೆಚ್ಚು ಮರಿ ಹಾಕೋ ಜೀನ್ ಕಾಡಿನ ಹಿಂಡಿಗೆ ಸೇರುತ್ತೆ.

ಇದೆಲ್ಲಕ್ಕಿಂತ ನನಗೆ ಹೆಚ್ಚು ಭಯ ರೋಗದ್ದು. ಒಂದೇ ಪ್ರಭೇದ ಅಂದ್ಮೇಲೆ ರೋಗವೂ ಒಂದೇ. ಆಫ್ರಿಕನ್ ಹಂದಿ ಜ್ವರ ಅಂತ ಒಂದು ವೈರಸ್ ರೋಗ ಇದೆ, ಆಫ್ರಿಕಾದ ವಾರ್ಟ್‌ಹಾಗ್‌ಗೆ ಅದು ಮೈಯಲ್ಲಿದ್ರೂ ಏನೂ ಆಗಲ್ಲ, ಸಾಕುಹಂದಿಗೆ ಬಂದ್ರೆ ಹೆಚ್ಚುಕಡಿಮೆ ಎಲ್ಲಾ ಸಾಯ್ತವೆ, ಕಾಡುಹಂದಿಗೂ ಅದೇ ಗತಿ. ಮನುಷ್ಯನಿಗೆ ಹರಡಲ್ಲ, ಆದ್ರೆ ನಮ್ಮ ಬಟ್ಟೆ, ಚಪ್ಪಲಿ, ಮಾಂಸದ ಎಂಜಲಲ್ಲಿ ಸಾಗುತ್ತೆ. 2007ರಲ್ಲಿ ಜಾರ್ಜಿಯಾ ದೇಶಕ್ಕೆ ಬಂತು, ಅಲ್ಲಿಂದ ರಷ್ಯಾ, ಪೂರ್ವ ಯುರೋಪ್, 2018ರಲ್ಲಿ ಚೀನಾ, 2020ರಲ್ಲಿ ಅಸ್ಸಾಂ, ಅರುಣಾಚಲ. ಅಸ್ಸಾಮಿನಲ್ಲೇ ಆ ಪುಟ್ಟ ಪಿಗ್ಮಿ ಹಂದಿಗಳಿರೋದು, ಉಳಿದಿರೋದೇ ಕೆಲವೇ ನೂರು, 1996ರಿಂದ ಅವನ್ನ ಕಷ್ಟಪಟ್ಟು ಮರಿ ಮಾಡಿಸ್ತಿದಾರೆ, 2008ರಿಂದ ಕಾಡಿಗೂ ಬಿಡ್ತಿದಾರೆ, ಅಂಥ ಕಡೆ ಈ ರೋಗ ಹೊಕ್ಕಿದ್ರೆ ಅನ್ನೋದನ್ನ ಯೋಚನೆ ಮಾಡಿದ್ರೇ ಸಂಕಟ ಆಗುತ್ತೆ. ಡೆನ್ಮಾರ್ಕ್‌ನವರು ತಮ್ಮ ಹಂದಿ ಉದ್ಯಮ ಉಳಿಸ್ಕೊಳ್ಳೋಕೆ 2019ರಲ್ಲಿ ಜರ್ಮನಿ ಗಡಿಯುದ್ದಕ್ಕೂ ಸುಮಾರು 70 ಕಿಲೋಮೀಟರ್ ಬೇಲಿಯನ್ನೇ ಹಾಕಿಬಿಟ್ರು, ಕಾಡುಹಂದಿ ದಾಟದಿರಲಿ ಅಂತ. ನಿಮ್ಮ ಹಂದಿ ಹಗಲೆಲ್ಲಾ ಕಾಡಂಚಲ್ಲಿ ತಿರುಗಿ ಸಂಜೆ ಕೊಟ್ಟಿಗೆಗೆ ಬರುತ್ತೆ ಅಂದ್ರೆ ಎರಡೂ ಕಡೆಗೆ ದಾರಿ ತೆರೆದಿಟ್ಟ ಹಾಗೇ ಅಲ್ವಾ, ಕಾಡಿಂದ ಕೊಟ್ಟಿಗೆಗೂ, ಕೊಟ್ಟಿಗೆಯಿಂದ ಕಾಡಿಗೂ.

ಹಾಗಾಗಿ ಮರಿಗಳನ್ನ ನಿಮ್ಮಲ್ಲೇ ಬೆಳೆಸಿ, ಎಂಟನ್ನೂ ಒಟ್ಟಿಗೆ. ಮಾಂಸ ಬೆರೆತ ಎಂಜಲು ಹಾಕಬೇಡಿ. ಜ್ವರ ಬಂದು ಮೇವು ಬಿಟ್ಟು ಕಿವಿ ಹೊಟ್ಟೆ ಕೆಂಪು ನೇರಳೆ ಆದ್ರೆ ಅವತ್ತೇ ಪಶುವೈದ್ಯರನ್ನ ಕರೀರಿ, ಸತ್ತ ಹಂದಿನ ಯಾವ ಕಾರಣಕ್ಕೂ ಕಾಡಂಚಿಗೆ ಎಸೀಬೇಡಿ. ಮುಖ್ಯವಾಗಿ ಬೇಲಿ ಹಾಕಿ, ಆದ್ರೆ ಎರಡು ಸಾಲು, ನಡುವೆ ಒಂದೆರಡು ಮೀಟರ್ ಜಾಗ ಬಿಟ್ಟು, ಯಾಕಂದ್ರೆ ಒಂದೇ ಸಾಲಾದ್ರೆ ಬೇಲಿ ಆಚೆ ಈಚೆ ನಿಂತೇ ಮೂತಿಗೆ ಮೂತಿ ತಾಗಿಸ್ತವೆ. ತಂತಿಯ ಕೆಳತುದಿ ನೆಲದೊಳಗೆ ಹೂತಿರಲಿ, ಇಲ್ಲಾಂದ್ರೆ ಉತ್ತು ಎಬ್ಬಿಸಿಬಿಡ್ತವೆ. ಇದನ್ನ ಮರಿಗಳಿಗೆ ಹಾಲು ಬಿಡಿಸೋ ಮೊದಲೇ ಮುಗಿಸಿ, ಹಾಲು ಬಿಡಿಸಿದ ನಾಲ್ಕರಿಂದ ಏಳು ದಿನದೊಳಗೆ ತಾಯಿ ಮತ್ತೆ ಬೆದೆಗೆ ಬರುತ್ತೆ, ಪಕ್ಕದ ಕಾಡಲ್ಲಿ ಗಂಡು ಇದ್ರೆ ಆ ವಾಸನೆ ಅದಕ್ಕೆ ನಿಮಗಿಂತ ಮೊದಲು ಗೊತ್ತಾಗುತ್ತೆ.